ಬೇಸಗೆಯ ಪಾನಗಳು: ಶಾಸ್ತ್ರವಚನವೂ ಕುಪ್ಪಗಡ್ಡೆ ಸೀಮೆಯ ಆಚಾರವೂ

ಕನ್ನಡನಾಡಿನ ಚರಿತ್ರೆಯನ್ನು ಬರೆದವರು ಅರಸರ ವಂಶಾವಳಿಗಳನ್ನೂ ಯುದ್ಧಗಳನ್ನೂ ದಾನಶಾಸನಗಳನ್ನೂ ದೇವಾಲಯಗಳ ಶಿಲ್ಪವನ್ನೂ ಕುರಿತು ವಿಸ್ತಾರವಾಗಿ ವಿಚಾರಮಾಡಿರುವರು. ಆ ಅರಸರ ಪ್ರಜೆಗಳು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಏನನ್ನು ಕುಡಿದು ದಣಿವಾರಿಸಿಕೊಳ್ಳುತ್ತಿದ್ದರೆಂಬ ಪ್ರಶ್ನೆಯು ಮಾತ್ರ ಅಷ್ಟಾಗಿ ಎದ್ದಿಲ್ಲ. ಇದು ಅಡಿಗೆಮನೆಯ ಮಾತು, ವಿದ್ವತ್ಸಭೆಗೆ ತಕ್ಕುದಲ್ಲ ಎಂದು ಕೆಲವರಿಗೆ ತೋರಬಹುದು. ಆದರೆ ಈ ವಿಷಯದೊಳಗೆ ಒಂದು ಗಂಟು ಇದೆ. ಸುಶ್ರುತಾಚಾರ್ಯನು ಉಷ್ಣಕಾಲದಲ್ಲಿ ತಕ್ರವನ್ನು ಕೊಡಬಾರದೆಂದು ಸ್ಪಷ್ಟವಾಗಿ ನಿಷೇಧಿಸಿರುವನು. ಕನ್ನಡನಾಡಾದರೋ ಉಷ್ಣಕಾಲದಲ್ಲಿಯೇ ಮಜ್ಜಿಗೆಯನ್ನು ಹೆಚ್ಚಾಗಿ ಕುಡಿಯುವುದು. ಬಂದ ಅತಿಥಿಗೆ ಕೊಡುವುದು. ಅದನ್ನು ಕೊಡುವುದು ಪುಣ್ಯವೆಂದೂ ಎಣಿಸುವುದು. ಹಾಗಾದರೆ ನಮ್ಮ ಹಿರಿಯರು ಶಾಸ್ತ್ರವನ್ನರಿಯದೆ ತಪ್ಪಿ ನಡೆದರೇ? ಅಥವಾ ಶಾಸ್ತ್ರವಚನದ ಅಭಿಪ್ರಾಯವೇ ಬೇರೆಯೇ? ಈ ಸಂದೇಹವನ್ನು ಪರಿಹರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಚಾರಕ್ಕೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹೋಬಳಿಯನ್ನೂ ಅದರ ಸುತ್ತಣ ಸೀಮೆಯನ್ನೂ ಆರಿಸಿಕೊಂಡಿರುವೆವು. ಅದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಇದು ಮಲೆನಾಡೂ ಬಯಲುಸೀಮೆಯೂ ಒಂದನ್ನೊಂದು ಮುಟ್ಟುವ ಎಡೆ. ಪಡುವಣ ಕಡೆ ಕಾಡು, ಅಡಕೆಯ ತೋಟ. ಮೂಡಣ ಕಡೆ ಕೆರೆಯ ನೀರನ್ನು ನಂಬಿದ ಗದ್ದೆ, ಹೊಲ. ಆದುದರಿಂದ ಕಾಡಿನ ಸೊಪ್ಪು ಹಣ್ಣುಗಳಿಂದ ಮಾಡುವ ಪಾನಗಳೂ, ಹಟ್ಟಿಯ ಹಾಲು ಮೊಸರುಗಳಿಂದ ಮಾಡುವ ಪಾನಗಳೂ, ಹೊಲದ ಧಾನ್ಯದಿಂದ ಮಾಡುವ ಗಂಜಿಗಳೂ ಇಲ್ಲಿ ಒಂದೆಡೆ ಕಾಣಸಿಗುವುವು. ಎರಡನೆಯದಾಗಿ, ಬನವಾಸಿ, ಚಂದ್ರಗುತ್ತಿ, ಬಳ್ಳಿಗಾವಿ, ತಾಳಗುಂದ, ಕೆಳದಿ ಎಂಬ ಇತಿಹಾಸಪ್ರಸಿದ್ಧ ಸ್ಥಳಗಳೆಲ್ಲವೂ ಇಲ್ಲಿಂದ ಒಂದೆರಡು ದಿನದ ಕಾಲುನಡಿಗೆಯ ಅಳವಿನಲ್ಲಿರುವುವು. ಕದಂಬರ ಕಾಲದಿಂದ ಕೆಳದಿಯ ನಾಯಕರ ಕಾಲದವರೆಗೆ ಇಷ್ಟು ಎಡೆಬಿಡದೆ ಲಿಖಿತ ಸಾಕ್ಷ್ಯವನ್ನು ಉಳಿಸಿಕೊಂಡಿರುವ ಸೀಮೆಗಳು ವಿರಳ. ಬಿ. ಎಲ್. ರೈಸ್ ಅವರು ಸೊರಬ, ಸಾಗರ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎಂಟನೆಯ ಸಂಪುಟವಾಗಿ ಪ್ರಕಟಿಸಿದರೆಂಬುದನ್ನು ವಾಚಕರು ಬಲ್ಲರು.

ಮೊದಲು ಶಾಸ್ತ್ರವು ಏನು ಹೇಳುವುದೆಂಬುದನ್ನು ನೋಡೋಣ. ಆಯುರ್ವೇದದ ಆಚಾರ್ಯರು ಋತುಚರ್ಯೆಯೆಂಬ ಪ್ರಕರಣದಲ್ಲಿ ಆಯಾ ಋತುವಿಗೆ ತಕ್ಕ ಆಹಾರವಿಹಾರಗಳನ್ನು ವಿಧಿಸಿರುವರು. ಗ್ರೀಷ್ಮದಲ್ಲಿ ಸೂರ್ಯನು ಲೋಕದ ಸಾರವನ್ನು ಹೀರುವನು, ಆದುದರಿಂದ ಮಧುರವೂ ಶೀತವೂ ದ್ರವವೂ ಸ್ನಿಗ್ಧವೂ ಆದ ಅನ್ನಪಾನಗಳು ಹಿತವೆಂಬುದು ಅವರೆಲ್ಲರ ಮತ. ಚರಕನು ಸಕ್ಕರೆ ಬೆರಸಿದ ತಣ್ಣನೆಯ ಮಂಥವನ್ನು, ಅಂದರೆ ಹುರಿಹಿಟ್ಟನ್ನು ನೀರಿನಲ್ಲಿ ಕದಡಿದ ಪಾನವನ್ನು, ವಿಧಿಸುವನು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಪಾನಕವನ್ನು ಹೊಸ ಮಣ್ಣಿನ ಪಾತ್ರೆಯಲ್ಲಿ ತಣಿಸಿ ಮಣ್ಣಿನ ಬಟ್ಟಲಲ್ಲಿಯೇ ಕುಡಿಯಬೇಕೆಂದೂ, ಕುಡಿಯುವ ನೀರಿಗೆ ಪಾದರಿಯ ಹೂವಿನ ಮತ್ತು ಕರ್ಪೂರದ ಪರಿಮಳವನ್ನು ಕೂಡಿಸಬೇಕೆಂದೂ ಹೇಳುವನು. ವರ್ಜಿಸಬೇಕಾದುವು ಯಾವುವೆಂದರೆ, ಉಪ್ಪು, ಹುಳಿ, ಖಾರ ಎಂಬ ಮೂರು ರಸಗಳು, ವ್ಯಾಯಾಮ, ಬಿಸಿಲು. ರಸಗಳ ಮತ್ತು ವ್ಯಾಯಾಮದ ವಿಷಯದಲ್ಲಿ ಚರಕ ವಾಗ್ಭಟರಿಬ್ಬರೂ ಒಮ್ಮತದವರು. ಮೊಸರಾದರೋ ಶರತ್ತು, ಗ್ರೀಷ್ಮ, ವಸಂತಗಳಲ್ಲಿ ಸಾಮಾನ್ಯವಾಗಿ ನಿಂದ್ಯವೆಂದು ಚರಕಸಂಹಿತೆಯಲ್ಲಿ ಉಕ್ತವಾಗಿದೆ. ಮೇಲೆ ಹೇಳಿದ ಸುಶ್ರುತನ ತಕ್ರನಿಷೇಧವೂ ಈ ಸಾಲಿಗೆ ಸೇರಿದುದೇ.

ಈಗ ಆಚಾರವನ್ನು ನೋಡೋಣ. ಕುಪ್ಪಗಡ್ಡೆಯ ಸೀಮೆಯಲ್ಲಿ ಬೇಸಗೆಗೆಂದು ಮಾಡುವ ಪಾನ ಮತ್ತು ಲಘುಭೋಜನಗಳಲ್ಲಿ ಮುಖ್ಯವಾದುವು ಇವು: ಉಪ್ಪು, ಶುಂಠಿ, ಇಂಗು ಸೇರಿಸಿದ ನೀರುಮಜ್ಜಿಗೆ, ಒಂದೆಲಗ, ದೊಡ್ಡಪತ್ರೆ, ಮೆಂತೆ, ಜೀರಿಗೆ, ನೆಲ್ಲಿ ಮೊದಲಾದುವುಗಳ ತಂಬುಳಿ, ಮಾವಿನ ಮಿಡಿಯ ಅಥವಾ ಕಾಯಿಯ ಅಪ್ಪೆಹುಳಿ, ಮುರುಗಲು ಹಣ್ಣಿನ ಪಾನಕ, ಬೆಲ್ಲದ ಪಾನಕ, ಎಳ್ಳಿನ ಪಾನಕ, ಹೆಸರುಬೇಳೆಯ ಕೋಸಂಬರಿ, ಒಕ್ಕಲುಮನೆಗಳಲ್ಲಿಯೂ ಕೂಲಿಯವರ ಮನೆಗಳಲ್ಲಿಯೂ ಅಕ್ಕಿಯ ಗಂಜಿ, ರಾಗಿಯ ಅಂಬಲಿ, ಮಜ್ಜಿಗೆ ಹೊಯ್ದ ತಂಗಳನ್ನ. ಈ ಪಟ್ಟಿಯನ್ನು ಶಾಸ್ತ್ರದ ವಿಧಿನಿಷೇಧಗಳ ಪಕ್ಕದಲ್ಲಿ ಇಟ್ಟು ನೋಡಿದರೆ, ಬೆಲ್ಲ ಎಳ್ಳುಗಳ ಪಾನಕ, ಕೋಸಂಬರಿ, ಗಂಜಿಗಳನ್ನು ಬಿಟ್ಟು ಉಳಿದುವೆಲ್ಲವೂ ಹುಳಿ, ಹಲವು ಉಪ್ಪು, ಕೆಲವು ಖಾರ. ಶಾಸ್ತ್ರವು ಯಾವ ಮೂರು ರಸಗಳನ್ನು ಬೇಡವೆಂದಿತೋ ಆ ಮೂರರ ಮೇಲೆಯೇ ನಮ್ಮ ಬೇಸಗೆಯ ಊಟವು ನಿಂತಿದೆ. ಇಷ್ಟು ವ್ಯಾಪಕವಾದ ವಿರೋಧವನ್ನು ಅಜ್ಞಾನದಿಂದ ಆದುದೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ತಂಬುಳಿ ಅಪ್ಪೆಹುಳಿಗಳನ್ನು ನಿತ್ಯವೂ ಉಣ್ಣುವ ಮನೆಗಳಲ್ಲಿ ವೇದಶಾಸ್ತ್ರಗಳನ್ನು ಓದಿದವರೂ ವೈದ್ಯವೃತ್ತಿಯವರೂ ತಲೆತಲಾಂತರದಿಂದ ಇದ್ದರು.

ಗಂಟನ್ನು ಬಿಚ್ಚಲು ಮಜ್ಜಿಗೆಯಿಂದಲೇ ಆರಂಭಿಸಬೇಕು. ‘ತಕ್ರವೆಂದರೆ ಮಜ್ಜಿಗೆ’ ಎಂದು ನಾವು ಪಾಠಶಾಲೆಗಳಲ್ಲಿ ಬಾಯಿಪಾಠ ಮಾಡುವೆವು. ಅದೇ ಅಮರಕೋಶದಲ್ಲಿ ತಕ್ರ, ಉದಶ್ವಿತ್, ಮಥಿತ ಎಂಬ ಮೂರಕ್ಕೂ ನೀರಿನ ಪ್ರಮಾಣವನ್ನು ಕ್ರಮವಾಗಿ ಹೇಳಿರುವುದನ್ನು ಮಾತ್ರ ಗಮನಿಸುವುದಿಲ್ಲ. ಕಾಲುಭಾಗ ನೀರುಳ್ಳದ್ದು ತಕ್ರ. ಅರ್ಧಭಾಗ ನೀರುಳ್ಳದ್ದು ಉದಶ್ವಿತ್. ನೀರನ್ನೇ ಬೆರಸದೆ ಕಡೆದುದು ಮಥಿತ. ಹೀಗೆ ತಕ್ರವೆಂಬುದು ಗಟ್ಟಿಯಾದ ಪದಾರ್ಥ. ಸುಶ್ರುತನು ನಿಷೇಧಿಸಿದುದು ತಕ್ರವನ್ನು. ಹುಳಿಯೂ ವೀರ್ಯದಲ್ಲಿ ಉಷ್ಣವೂ ಆದ ಇದನ್ನು ಶೀತಕಾಲದಲ್ಲಿಯೂ ಅಗ್ನಿಮಾಂದ್ಯದಲ್ಲಿಯೂ ಹಿತವೆಂದು ಅವನು ಹೊಗಳಿಯೂ ಇರುವನು. ನಮ್ಮ ನೀರುಮಜ್ಜಿಗೆಯಲ್ಲಿ ನೀರು ಕಾಲುಭಾಗವೂ ಅಲ್ಲ, ಅರ್ಧಭಾಗವೂ ಅಲ್ಲ. ಒಂದು ಪಾಲು ಮಜ್ಜಿಗೆಗೆ ಮೂರು ನಾಲ್ಕು ಪಾಲು ನೀರು. ಬೆಣ್ಣೆಯನ್ನು ಮೊದಲೇ ತೆಗೆದಿರುವರು. ಹೀಗಿರಲಾಗಿ ಇದು ಅಮರಸಿಂಹನ ಮೂರು ಹೆಸರುಗಳಲ್ಲಿ ಯಾವುದಕ್ಕೂ ಸಲ್ಲುವುದಿಲ್ಲ. ನಿಷೇಧವು ಒಂದು ವಸ್ತುವಿಗೆ, ಆಚಾರವು ಮತ್ತೊಂದು ವಸ್ತುವಿನಲ್ಲಿ. ಆದುದರಿಂದ ವಿರೋಧವೇ ಇಲ್ಲ.

ಹಾಗಾದರೆ ಈ ಮತ್ತೊಂದು ವಸ್ತುವಿಗೆ ಶಾಸ್ತ್ರದಲ್ಲಿ ಸ್ಥಾನವೇ ಇಲ್ಲವೇ? ಇದೆ, ಆದರೆ ತಡವಾಗಿ ದೊರೆತ ಸ್ಥಾನ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಘೋಲ, ಮಥಿತ, ತಕ್ರ, ಉದಶ್ವಿತ್ತುಗಳ ಜತೆಗೆ ಐದನೆಯದಾಗಿ ‘ಛಚ್ಛಿಕಾ’ ಎಂಬುದನ್ನು ಹೇಳುವನು. ಸಾರವನ್ನು ತೆಗೆದು ಹೇರಳವಾಗಿ ನೀರು ಬೆರಸಿದುದು ಛಚ್ಛಿಕೆ. ಅದು ಶೀತಲ, ಲಘು. ಪಿತ್ತವನ್ನೂ ಶ್ರಮವನ್ನೂ ಬಾಯಾರಿಕೆಯನ್ನೂ ಕಳೆಯುವುದು. ಉಪ್ಪು ಕೂಡಿದರೆ ಅಗ್ನಿದೀಪಕ. ಇದು ನಮ್ಮ ನೀರುಮಜ್ಜಿಗೆಯ ಲಕ್ಷಣವಲ್ಲದೆ ಬೇರೆಯಲ್ಲ. ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ಛಚ್ಛಿಕಾ ಎಂಬ ಶಬ್ದವು ಉತ್ತರದೇಶದ ಜನರು ಇಂದಿಗೂ ಆಡುವ ‘ಛಾಛ್’ ಎಂಬ ಮಾತಿನ ಸಂಸ್ಕೃತರೂಪ. ಅಂದರೆ ಭಾವಮಿಶ್ರನು ಜನರ ಪಾನವನ್ನು ಜನರ ಹೆಸರಿನೊಡನೆಯೇ ಶಾಸ್ತ್ರಕ್ಕೆ ತಂದನು. ಶಾಸ್ತ್ರದಿಂದ ಆಚಾರವು ಹುಟ್ಟಿತೆಂದು ನಾವು ಸಾಮಾನ್ಯವಾಗಿ ನಂಬುವೆವು. ಇಲ್ಲಿ ಆಚಾರದಿಂದ ಶಾಸ್ತ್ರವು ಕಲಿತಿದೆ.

ಮಜ್ಜಿಗೆ ಎಂಬ ಕನ್ನಡ ಶಬ್ದವನ್ನೂ ಸಂಸ್ಕೃತದ ‘ಮಾರ್ಜಿತಾ’ ಎಂಬುದರಿಂದ ಬಂದಿತೆಂದು ಸಾಧಿಸುವವರುಂಟು. ಅಮರನು ಮಾರ್ಜಿತೆಯನ್ನು ರಸಾಲೆಯ ಪರ್ಯಾಯವಾಗಿ ಹೇಳಿರುವನು. ರಸಾಲೆಯಾದರೋ ಗಟ್ಟಿ ಮೊಸರಿಗೆ ಸಕ್ಕರೆಯನ್ನೂ ಸುಗಂಧದ್ರವ್ಯಗಳನ್ನೂ ಸೇರಿಸಿದ ಸಿಹಿಯಾದ ಭಕ್ಷ್ಯವಿಶೇಷ. ಈಗಿನ ಶ್ರೀಖಂಡದ ಜಾತಿಯದು. ತೆಳ್ಳನೆಯ, ಉಪ್ಪುಹುಳಿಯ ಮಜ್ಜಿಗೆಗೂ ಅದಕ್ಕೂ ಮೊಸರೊಂದನ್ನುಳಿದು ಸಾಮ್ಯವಿಲ್ಲ. ಶಬ್ದವು ಎಲ್ಲಿಂದಲಾದರೂ ಬಂದಿರಲಿ. ಅದರಿಂದ ವಸ್ತುವೂ ಅಲ್ಲಿಂದಲೇ ಬಂದಿತೆಂದು ಊಹಿಸುವುದು ಯುಕ್ತವಲ್ಲ.

ಇನ್ನು ತಂಬುಳಿ. ಇದರ ಕ್ರಮವು ಸರಳ. ಸೊಪ್ಪನ್ನೋ ಕಾಳನ್ನೋ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕುವರು. ಮತ್ತೆ ಒಲೆಯ ಮೇಲೆ ಇಡುವುದಿಲ್ಲ. ಕುದಿಸದಿರುವುದೇ ಇದರ ಲಕ್ಷಣ. ಅನ್ನಕ್ಕೆ ಕಲಸಿ ಉಂಡು, ಉಳಿದುದನ್ನು ಕೈಯಲ್ಲಿ ಹೊಯ್ಯಿಸಿಕೊಂಡು ಕುಡಿಯುವುದು ವಾಡಿಕೆ. ಇದರ ಪ್ರಾಚೀನತೆಗೆ ಹೆಸರೇ ಸಾಕ್ಷಿ. ತಣ್ ಎಂದರೆ ತಂಪು. ಪುಳಿ ಎಂದರೆ ಹುಳಿ. ಇವೆರಡೂ ಸಮಾಸವಾದಾಗ ಪಕಾರಕ್ಕೆ ಬಕಾರವು ಆದೇಶವಾಗಿ, ಣಕಾರವು ಮಕಾರವಾಗಿ ತಂಬುಳಿ ಎಂದಾಯಿತು. ಹೀಗೆ ಉತ್ತರಪದದ ಕತಪಗಳಿಗೆ ಗದಬಗಳು ಬರುವುದನ್ನು ಕೇಶಿರಾಜನು ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ವಿಧಿಸಿರುವನು. ತಣ್ ಮತ್ತು ಕೂಳ್ ಸೇರಿ ತಂಗೂಳ್ ಆದುದು ಇದೇ ಜಾತಿಯ ರೂಪ.

ಇದರಿಂದ ಕಾಲನಿರ್ಣಯಕ್ಕೂ ಒಂದು ದಾರಿ ದೊರೆಯುವುದು. ಕನ್ನಡದಲ್ಲಿ ಪದದ ಮೊದಲಿನ ಪಕಾರವು ಹಕಾರವಾಗುವ ವ್ಯತ್ಯಾಸವು ಶಾಸನಗಳಲ್ಲಿ ಸುಮಾರು ಹತ್ತನೆಯ ಶತಮಾನದಿಂದ ಅಲ್ಲಲ್ಲಿ ತೋರಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಹರಡಿತು. ಪಾಲು ಹಾಲಾಯಿತು, ಪುಳಿ ಹುಳಿಯಾಯಿತು. ತಂಬುಳಿಯೆಂಬ ಸಮಾಸವು ಹುಳಿ ಎಂಬ ರೂಪದಿಂದ ಆಗಲಾರದು. ಪುಳಿ ಎಂಬುದರಿಂದಲೇ ಆಗಬೇಕು. ಆದಕಾರಣ, ಜನರು ಬಾಯಲ್ಲಿ ಪುಳಿ ಎಂದು ಆಡುತ್ತಿದ್ದ ಕಾಲಕ್ಕೇ ಈ ಹೆಸರು ಹುಟ್ಟಿರಬೇಕು. ಅಪ್ಪೆಹುಳಿ, ಮಜ್ಜಿಗೆಹುಳಿ ಎಂಬ ಹೆಸರುಗಳಲ್ಲಿ ಹಕಾರವೇ ಇರುವುದನ್ನು ಇದರೊಡನೆ ಹೋಲಿಸಬಹುದು. ಯಾವ ಗ್ರಂಥವೂ ಹೇಳದ ಪ್ರಾಚೀನತೆಯನ್ನು ಒಂದು ಬಕಾರವು ಕಾಪಾಡಿಕೊಂಡು ಬಂದಿದೆ. ಹೆಸರಿನ ಅರ್ಥವನ್ನೂ ಗಮನಿಸಬೇಕು. ಹುಳಿಯು ಉಷ್ಣವೆಂದು ಶಾಸ್ತ್ರವು ಹೇಳುತ್ತಿರುವಾಗ, ಕನ್ನಡಿಗರು ‘ತಣ್ಣನೆಯ ಹುಳಿ’ ಎಂದು ಹೆಸರಿಟ್ಟರು. ಕುದಿಸದೆ, ಸೊಪ್ಪಿನ ರಸದಿಂದಲೂ ತೆಂಗಿನ ಹಾಲಿನಿಂದಲೂ ನೀರಿನಿಂದಲೂ ಹದಗೊಳಿಸಿದ ಹುಳಿಯು ತಂಪೆಂಬ ನಿರ್ಣಯವು ಆ ಹೆಸರಿನಲ್ಲಿಯೇ ಅಡಗಿದೆ.

ಅಪ್ಪೆಹುಳಿಯ ವಿಚಾರವು ಇನ್ನೂ ಸ್ವಾರಸ್ಯವಾದುದು. ಅಪ್ಪೆಯೆಂಬುದು ಮಲೆನಾಡಿನ ಹೊಳೆಯ ದಂಡೆಗಳಲ್ಲಿ ತಾನಾಗಿ ಬೆಳೆಯುವ, ವಿಶೇಷ ಪರಿಮಳವುಳ್ಳ ಮಾವಿನ ಜಾತಿ. ಶರಾವತಿ, ಅಘನಾಶಿನಿ, ವರದಾ ಮೊದಲಾದ ನದಿಗಳ ಸೀಮೆಯ ಅಪ್ಪೆಮಿಡಿಯು ಉಪ್ಪಿನಕಾಯಿಗೆ ಹೆಸರಾದುದು. ಇದರ ಕಾಯನ್ನು ನೀರಿನಲ್ಲಿ ಬೇಯಿಸಿ, ಕೈಯಿಂದ ಕಿವುಚಿ, ತಣ್ಣೀರನ್ನು ಧಾರಾಳವಾಗಿ ಬೆರಸಿ, ಉಪ್ಪು ಹಾಕಿ, ಮೆಣಸಿನಕಾಯಿ, ಸಾಸಿವೆ, ಇಂಗುಗಳ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿಯಾಗುವುದು. ಮಧ್ಯಾಹ್ನದ ಊಟದಲ್ಲಿ ಇದನ್ನು ಕುಡಿದವರಿಗೆ ಒಳ್ಳೆಯ ನಿದ್ದೆ ಬರುವುದೆಂಬುದು ಈ ಸೀಮೆಯ ಎಲ್ಲರ ಅನುಭವ. ಭಾವಪ್ರಕಾಶದಲ್ಲಿ ಆಮ್ರದ ‘ಪ್ರಪಾನಕ’ವೆಂಬುದೊಂದು ಉಕ್ತವಾಗಿದೆ. ಹಸಿಯ ಮಾವಿನಕಾಯನ್ನು ನೀರಿನಲ್ಲಿ ಬೇಯಿಸಿ, ಕೈಯಿಂದ ಬಲವಾಗಿ ಮರ್ದಿಸಿ, ಸಕ್ಕರೆಯನ್ನೂ ತಣ್ಣೀರನ್ನೂ ಕೂಡಿಸಿ, ಕರ್ಪೂರ ಮೆಣಸುಗಳನ್ನು ಸೇರಿಸಬೇಕು. ಇದನ್ನು ಮಾಡಿದವನು ಭೀಮಸೇನನೆಂದು ಪ್ರತೀತಿ. ಬೇಯಿಸುವುದು, ಕಿವುಚುವುದು, ನೀರು ಬೆರಸುವುದು ಎಂಬ ಮೂರು ಕ್ರಿಯೆಗಳೂ ಎರಡರಲ್ಲಿಯೂ ಒಂದೇ. ಉತ್ತರದಲ್ಲಿ ಅದಕ್ಕೆ ಸಕ್ಕರೆ ಕರ್ಪೂರಗಳು ಸೇರಿದುವು. ಇಲ್ಲಿ ಉಪ್ಪು ಇಂಗುಗಳು ಸೇರಿದುವು. ಒಂದೇ ಕ್ರಿಯೆಯು ದೇಶಭೇದದಿಂದ ಎರಡು ರಸಗಳಾಯಿತು.

ಮೆಣಸಿನಕಾಯಿಯ ವಿಷಯದಲ್ಲಿ ಒಂದು ಮಾತು. ಈ ಗಿಡವು ಅಮೆರಿಕ ಖಂಡದ್ದು; ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದುದು. ಅದಕ್ಕೆ ಮೊದಲು ಖಾರವೆಂದರೆ ಕಾಳುಮೆಣಸು, ಶುಂಠಿ, ಹಿಪ್ಪಲಿಗಳೇ. ಕಾಳುಮೆಣಸಿನ ಬಳ್ಳಿಯು ಈ ಸೀಮೆಯ ತೋಟದ ಮರಗಳನ್ನು ಹಬ್ಬಿಕೊಂಡಿರುವುದು. ಬಂದ ಕಾಯಿಗೆ ‘ಮೆಣಸಿನ’ ಕಾಯಿಯೆಂದು ಹೆಸರಾದುದೂ ಅದರಿಂದಲೇ. ಆದುದರಿಂದ ಈಗಿನ ಅಪ್ಪೆಹುಳಿಯ ಒಗ್ಗರಣೆಯು ನಾಲ್ಕೈದು ಶತಮಾನಗಳಿಗಿಂತ ಹಳೆಯದಲ್ಲ. ಪ್ರಪಾನಕದಲ್ಲಿ ಇನ್ನೂ ಉಳಿದಿರುವ ಕಾಳುಮೆಣಸು ಹಿಂದಿನ ರುಚಿಯ ಸುಳಿವನ್ನು ಕೊಡುವುದು. ಆಚಾರವೆಂದರೆ ಕಲ್ಲಿನಲ್ಲಿ ಕೆತ್ತಿದುದಲ್ಲ. ಹೊರಗಿನಿಂದ ಬಂದುದನ್ನೂ ಒಳಕೊಂಡು ಅದು ನಡೆದುಬಂದಿದೆ.

ಮುರುಗಲು ಹಣ್ಣನ್ನು ದಕ್ಷಿಣಕನ್ನಡದವರು ಪುನರ್ಪುಳಿಯೆನ್ನುವರು. ಸಂಸ್ಕೃತದ ವೃಕ್ಷಾಮ್ಲವು ಇದೇ ಎಂಬುದು ವೈದ್ಯರ ಅಭಿಪ್ರಾಯ. ಕೆಂಪಾದ ಈ ಹಣ್ಣು ಮಳೆಗೆ ಸ್ವಲ್ಪ ಮೊದಲು, ಬೇಸಗೆಯ ತುದಿಯಲ್ಲಿ ಮಾಗುವುದು. ಸಿಪ್ಪೆಯನ್ನು ಒಣಗಿಸಿಟ್ಟರೆ ವರ್ಷವಿಡೀ ಪಾನಕಕ್ಕೂ ಸಾರಿಗೂ ಒದಗುವುದು. ಬೀಜದಿಂದ ಮುರುಗಲು ತುಪ್ಪವನ್ನು ತೆಗೆಯುವರು. ಗಂಜಿಯ ವಿಷಯದಲ್ಲಿಯೂ ಆಚಾರ ಶಾಸ್ತ್ರಗಳ ನಡುವೆ ವಿರೋಧವಿಲ್ಲ. ವೈದ್ಯಗ್ರಂಥಗಳು ಮಂಡ, ಪೇಯಾ, ಯವಾಗೂ, ವಿಲೇಪಿ ಎಂದು ಗಂಜಿಯನ್ನು ವಿಂಗಡಿಸುವುದೂ ನೀರಿನ ಪ್ರಮಾಣದಿಂದಲೇ. ಗದ್ದೆಯಲ್ಲಿ ದುಡಿಯುವವನು ಬೆಳಗ್ಗೆ ಕುಡಿಯುವ ಗಂಜಿಯು ಅವನಿಗೆ ಅನ್ನವೂ ಹೌದು, ನೀರೂ ಹೌದು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದನೆಂಬ ಶರಣರ ಕಥೆಯನ್ನು ಕನ್ನಡಿಗರೆಲ್ಲರೂ ಕೇಳಿರುವರು. ಅರಮನೆಯ ನೈವೇದ್ಯಕ್ಕಿಂತ ಅದು ಮಿಗಿಲೆನಿಸಿದುದು ಭಕ್ತಿಯಿಂದ. ಆದರೆ ಕಥೆಯು ಅಂಬಲಿಯನ್ನೇ ಆರಿಸಿಕೊಂಡುದು, ದುಡಿಯುವವರ ಮನೆಯಲ್ಲಿ ಪ್ರತಿದಿನವೂ ಇರುತ್ತಿದ್ದುದು ಅದೊಂದೇ ಆದುದರಿಂದ.

ಅರಮನೆಯ ಪಾನಗಳಿಗೆ ಲಿಖಿತ ಸಾಕ್ಷ್ಯವು ಹೇರಳವಾಗಿದೆ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಸುಮಾರು ಕ್ರಿ. ಶ. 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೂ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಉದಕಾರ್ಗಳಕ್ಕೂ ಸ್ಥಾನವುಂಟು. ಅದೇ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅನ್ನಭೋಗ, ಪಾನೀಯಭೋಗಗಳನ್ನು ಪ್ರತ್ಯೇಕವಾಗಿ ನಿರೂಪಿಸಿ, ಯಾವ ಋತುವಿನಲ್ಲಿ ಯಾವ ಮೂಲದ ನೀರು ಹಿತವೆಂಬುದನ್ನೂ ನೀರಿಗೆ ಪರಿಮಳ ಕಟ್ಟುವುದನ್ನೂ ಹೇಳಿರುವನು. ಬನವಾಸಿ ಪನ್ನಿರ್ಛಾಸಿರವು ಆಗ ಅವನ ರಾಜ್ಯಕ್ಕೆ ಸೇರಿದ್ದಿತು. ಹದಿನಾರನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ ಸೂಪಶಾಸ್ತ್ರದಲ್ಲಿ ಪಾನಕಗಳಿಗೇ ಒಂದು ಅಧ್ಯಾಯವಿದೆ. ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶದಲ್ಲಿಯೂ ಪಾಕಶಾಸ್ತ್ರವು ಅಡಕವಾಗಿದೆ. ಕುಪ್ಪಗಡ್ಡೆಯ ಸೀಮೆಯು ಆ ಅರಸರ ಆಳ್ವಿಕೆಯ ನಡುನಾಡಿನಲ್ಲಿ ಇದ್ದುದು. ಆದರೆ ಈ ಗ್ರಂಥಗಳ ದೃಷ್ಟಿಯು ಭೋಗದೃಷ್ಟಿ. ಏಲಕ್ಕಿ, ಕರ್ಪೂರ, ಸಕ್ಕರೆಗಳು ಎಲ್ಲರ ಮನೆಯಲ್ಲಿಯೂ ಇದ್ದುವಲ್ಲ. ಬಡವನ ಮನೆಯಲ್ಲಿ ನೀರಿನ ಮಡಕೆಗೆ ಲಾವಂಚದ ಬೇರು, ಮಜ್ಜಿಗೆಗೆ ಮಜ್ಜಿಗೆಹುಲ್ಲು, ಪಾನಕಕ್ಕೆ ಜೋನಿಬೆಲ್ಲ ಇವೇ ಸುಗಂಧವೂ ಸಿಹಿಯೂ ಆಗಿದ್ದುವು.

ಇನ್ನು ಉಪ್ಪಿನ ಪ್ರಶ್ನೆ ಉಳಿಯಿತು. ಶಾಸ್ತ್ರವು ಗ್ರೀಷ್ಮದಲ್ಲಿ ಉಪ್ಪನ್ನು ಬಿಡಬೇಕೆಂದಿತು. ಅದೇ ಉಸಿರಿನಲ್ಲಿ ವ್ಯಾಯಾಮವನ್ನೂ ಬಿಸಿಲನ್ನೂ ಬಿಡಬೇಕೆಂದಿತು. ಈ ಮೂರನ್ನೂ ಒಟ್ಟಿಗೆ ಓದಿದರೆ ವಿಧಿಯು ಯಾರಿಗೆಂಬುದು ಹೊಳೆಯುವುದು. ಚಂದನವನ್ನು ಲೇಪಿಸಿಕೊಂಡು, ಬೀಸಣಿಗೆಯ ಗಾಳಿಯಲ್ಲಿ ತಣ್ಣನೆಯ ಮನೆಯೊಳಗೆ ಇರಬಲ್ಲವನಿಗೆ ಆ ವಿಧಿ. ಬಿಸಿಲಿನಲ್ಲಿ ಕೆರೆಯ ಹೂಳೆತ್ತುವವನಿಗೂ, ಗಾಡಿ ಹೊಡೆಯುವವನಿಗೂ, ಮದುವೆಯ ಮನೆಯ ಒಲೆಯ ಮುಂದೆ ನಿಂತ ಹೆಂಗಸಿಗೂ ಬಿಸಿಲು ವ್ಯಾಯಾಮಗಳನ್ನು ಬಿಡುವ ಸ್ವಾತಂತ್ರ್ಯವೆಲ್ಲಿಯದು? ಬೆವರಿನೊಡನೆ ನೀರು ಮಾತ್ರವಲ್ಲ, ಉಪ್ಪೂ ಹೊರಹೋಗುವುದೆಂದೂ, ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶವು ತಗ್ಗುವುದೆಂದೂ ಆಧುನಿಕ ವೈದ್ಯರು ನಿರ್ಧರಿಸಿರುವರು. ಸಿಹಿಯೂ ಉಪ್ಪೂ ತಕ್ಕ ಪ್ರಮಾಣದಲ್ಲಿ ಜತೆಗೂಡಿದರೆ ಕರುಳು ನೀರನ್ನು ಚೆನ್ನಾಗಿ ಹೀರುವುದೆಂಬುದು ಕಳೆದ ಶತಮಾನದ ಉತ್ತರಾರ್ಧದಲ್ಲಿ ತಿಳಿದ ಸಂಗತಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ ಮಹಲಾನಬೀಸರು ಇಂತಹ ನೀರನ್ನು ಕುಡಿಸಿ ವಾಂತಿಭೇದಿಯ ರೋಗಿಗಳನ್ನು ಅಸಂಖ್ಯಾತವಾಗಿ ಉಳಿಸಿದರು. ಅದು ರೋಗಕ್ಕೆ ಔಷಧ, ಪ್ರಮಾಣವು ಅಳೆದುದು. ನಮ್ಮ ಮಜ್ಜಿಗೆ ಪಾನಕಗಳನ್ನು ಅದಕ್ಕೆ ಸಮವೆನ್ನಲಾಗದು. ಆದರೂ ದುಡಿಯುವವನ ಮಜ್ಜಿಗೆಗೆ ಉಪ್ಪು ಬೇಕೆಂದೂ, ಬೆಲ್ಲದ ಪಾನಕಕ್ಕೆ ಒಂದು ಹರಳು ಉಪ್ಪು ಬೀಳಬೇಕೆಂದೂ ಅಡಿಗೆಮನೆಯ ಹೆಂಗಸರು ಅನುಭವದಿಂದ ಕಂಡುಕೊಂಡುದು ಸರಿಯಾದ ದಾರಿಯೇ ಎಂಬುದು ಇದರಿಂದ ಸ್ಥಿರಪಡುವುದು.

ಬೇಸಗೆಯ ಪಾನವು ಮನೆಯೊಳಗಿನ ವಿಷಯ ಮಾತ್ರವಾಗಿರಲಿಲ್ಲ; ದಾರಿಯ ಮೇಲಿನ ಧರ್ಮವೂ ಆಗಿದ್ದಿತು. ದಾರಿಗರಿಗೆ ನೀರನ್ನೂ ಮಜ್ಜಿಗೆಯನ್ನೂ ಕೊಡುವ ಚಪ್ಪರಕ್ಕೆ ಕನ್ನಡದಲ್ಲಿ ಅರವಟ್ಟಿಗೆಯೆಂದು ಹೆಸರು. ಹಳೆಯ ರೂಪದಲ್ಲಿ ಶಕಟರೇಫವುಂಟು. ‘ಅಱ’ ಎಂದರೆ ಧರ್ಮ, ದಾನ. ತಮಿಳಿನ ‘ಅಱಂ’ ಇದೇ. ಸಂಸ್ಕೃತದಲ್ಲಿ ಇದು ಪ್ರಪಾ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನು ಮನುಷ್ಯರಿಗೂ ಪಶುಗಳಿಗೂ ದಾರಿಯಲ್ಲಿ ನೀರಿನ ಎಡೆಗಳನ್ನು ಮಾಡಿಸಿದುದನ್ನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದಲ್ಲಿ ವಿಂಧ್ಯದ ಕಾಡುದಾರಿಯ ಪ್ರಪೆಗಳನ್ನು ವರ್ಣಿಸಿರುವನು. ವೈಶಾಖದಲ್ಲಿ ಪ್ರಪಾದಾನ, ಉದಕುಂಭದಾನಗಳನ್ನು ಪುರಾಣಗಳು ಹೊಗಳುವುವು. ಅರವಟ್ಟಿಗೆಗಾಗಿ ಬಿಟ್ಟ ದತ್ತಿಗಳನ್ನು ಕನ್ನಡ ಶಾಸನಗಳು ಹೇಳುವುವು. ಈ ಸೀಮೆಯ ನೆರೆಯಲ್ಲಿಯೇ ಇರುವ ತಾಳಗುಂದದ ಪ್ರಸಿದ್ಧ ಸ್ತಂಭಶಾಸನವನ್ನು ನಾವು ಕದಂಬರ ವಂಶಚರಿತ್ರೆಗಾಗಿ ಮಾತ್ರ ಓದುವೆವು. ಐದನೆಯ ಶತಮಾನದ ಆ ಶಾಸನವು ಹುಟ್ಟಿದುದಾದರೋ ಕಾಕುಸ್ಥವರ್ಮನು ಶಿವಾಲಯದ ಬಳಿ ಒಂದು ಕೆರೆಯನ್ನು ಕಟ್ಟಿಸಿದುದನ್ನು ತಿಳಿಸುವುದಕ್ಕಾಗಿ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವು ಅಲ್ಲಿ ದೀನರಿಗೂ ಪಥಿಕರಿಗೂ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುದನ್ನು ಹೇಳುವುದು. ಕೆರೆಯಿಲ್ಲದೆ ಗದ್ದೆಯಿಲ್ಲ, ಹುಲ್ಲಿಲ್ಲ, ಹಸುವಿಲ್ಲ, ಮಜ್ಜಿಗೆಯಿಲ್ಲ. ಆದುದರಿಂದ ಬೇಸಗೆಯ ಪಾನದ ಚರಿತ್ರೆಯು ಕೆರೆಯ ಚರಿತ್ರೆಯಿಂದ ಬೇರೆಯಲ್ಲ.

ಈ ಧರ್ಮವನ್ನು ಹೊಗಳುವಾಗ ಒಂದು ಕುಂದನ್ನು ಮರೆಯಬಾರದು. ನೀರನ್ನು ಹೊಯ್ಯುವ ಕೈಗೂ ಕುಡಿಯುವ ಬೊಗಸೆಗೂ ನಡುವೆ ಜಾತಿಯ ಅಂತರವನ್ನು ಇಟ್ಟುಕೊಂಡೇ ನಮ್ಮ ಸಮಾಜವು ಬಹುಕಾಲ ಈ ಪುಣ್ಯವನ್ನು ಸಂಪಾದಿಸಿತು. ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಮಹಾಡಿನಲ್ಲಿ ಡಾ. ಅಂಬೇಡ್ಕರರು ಸತ್ಯಾಗ್ರಹ ಮಾಡಬೇಕಾಯಿತು. ಬಾಯಾರಿದವನೇ ಅಧಿಕಾರಿಯೆಂಬುದು ಪ್ರಪಾದಾನದ ಮೂಲತತ್ತ್ವ. ಅದನ್ನು ನಾವು ಗ್ರಂಥದಲ್ಲಿ ಇಟ್ಟಷ್ಟು ದಾರಿಯಲ್ಲಿ ಇಡಲಿಲ್ಲ.

ವಿಚಾರದ ಫಲವನ್ನು ಇನ್ನು ಸಂಗ್ರಹಿಸಬಹುದು. ಶಾಸ್ತ್ರವು ನಿಷೇಧಿಸಿದ ತಕ್ರವೂ ನಾವು ಕುಡಿಯುವ ನೀರುಮಜ್ಜಿಗೆಯೂ ನೀರಿನ ಪ್ರಮಾಣದಿಂದ ಬೇರೆಯಾದುವು. ಉಪ್ಪುಹುಳಿಗಳ ನಿಷೇಧವು ನೆರಳಿನಲ್ಲಿರುವವನಿಗೆ ಹೇಳಿದುದು. ಆಚಾರವು ಬಿಸಿಲಿನಲ್ಲಿ ದುಡಿಯುವವನಿಂದ ಬೆಳೆದುದು. ತಂಬುಳಿಯ ಹೆಸರು ಕನ್ನಡದ ಪುಳಿಶಬ್ದದಷ್ಟು ಹಿಂದಕ್ಕೆ ಹೋಗುವುದು. ಆದಕಾರಣ ದೇಶಾಚಾರವನ್ನು ಶಾಸ್ತ್ರದ ಅಪಭ್ರಂಶವೆಂದು ಎಣಿಸದೆ, ಸ್ವತಂತ್ರವಾದ ಪ್ರಮಾಣವೆಂದು ಪರೀಕ್ಷಿಸುವುದು ಯುಕ್ತ. ಸಂಸ್ಕೃತಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರಿಗೆ ಈ ಮಾತು ವಿಶೇಷವಾಗಿ ಸಲ್ಲುವುದು.

ಆದರೆ ಈ ಪ್ರಮಾಣವು ತಾಳೆಯೋಲೆಯಲ್ಲಿಲ್ಲ. ವೃದ್ಧೆಯರ ಬಾಯಲ್ಲಿಯೂ ಕೈಯಲ್ಲಿಯೂ ಇದೆ. ಅಂಗಡಿಯ ಶೀಷೆಯ ಪಾನೀಯಗಳು ಈಗ ಹಳ್ಳಿಹಳ್ಳಿಗೂ ಬಂದಿರುವುವು. ಹೊಳೆಯ ದಂಡೆಯ ಅಪ್ಪೆಯ ಮರಗಳು ಕಡಿಮೆಯಾಗುತ್ತಿರುವುವು. ಯಾವ ಸೊಪ್ಪಿನ ತಂಬುಳಿಯು ಯಾವ ತಿಂಗಳಿನದು, ಯಾವುದನ್ನು ಹುರಿಯಬೇಕು, ಯಾವುದನ್ನು ಹಸಿಯಾಗಿ ಅರೆಯಬೇಕು ಎಂಬುದನ್ನು ಬಲ್ಲವರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವರು. ಕಲ್ಲಿನ ಶಾಸನವು ಇನ್ನೂ ನೂರು ವರ್ಷ ಕಾಯಬಹುದು, ಇದು ಕಾಯುವುದಿಲ್ಲ. ಆದುದರಿಂದ ಸೊರಬ, ಶಿಕಾರಿಪುರ, ಸಾಗರ, ಶಿರಸಿ, ಸಿದ್ದಾಪುರ ತಾಲ್ಲೂಕುಗಳ ವಾಚಕ ಮಹಾಶಯರು ತಮ್ಮ ತಮ್ಮ ಗ್ರಾಮಗಳ ತಂಬುಳಿ, ಪಾನಕ, ಗಂಜಿಗಳ ಹೆಸರುಗಳನ್ನೂ, ಸೇರುವ ಸೊಪ್ಪು ಕಾಳುಗಳನ್ನೂ, ನೀರಿನ ಮತ್ತು ಉಪ್ಪಿನ ಪ್ರಮಾಣವನ್ನೂ, ಅರವಟ್ಟಿಗೆ ಇದ್ದ ಎಡೆಗಳನ್ನೂ ಆಡುಮಾತಿನ ರೂಪದಲ್ಲಿಯೇ ಬರೆದಿಡಬೇಕೆಂದು ಪ್ರಾರ್ಥಿಸುವೆವು. ಆ ಪಟ್ಟಿಗಳು ಕೈಸೇರಿದ ಬಳಿಕ ಒಂದೊಂದು ಹೆಸರಿನ ನಿಷ್ಪತ್ತಿಯನ್ನೂ ಪ್ರತ್ಯೇಕವಾಗಿ ವಿಚಾರಮಾಡಬಹುದು.